ಹೋಗಿ ಬರ್ತೀನಿ ಅನ್ನುವ ಮಾತು ಅಲ್ಲಿಯೂ ಇದೆ

ಓದುಗರ ಪ್ರಶ್ನೆ, ಅಕ್ಕನ ಉತ್ತರ

(ಕೆಲಸಕ್ಕಾಗಿ ಪರದೇಶಕ್ಕೆ ಹೊರಟವರ ಪತ್ರಗಳಿಗೆ ಇಲ್ಲಿ ಉತ್ತರ ಬರೆಯುವವರು ದಾವಣಗೆರೆಯ ವಿದ್ಯಾನಗರದವರು. 2004ರಿಂದ 2015ರವರೆಗೆ ಟೋಕಿಯೊದಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದಾರೆ.)

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಮುಗಿಸಿ ನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡ್ತಿದ್ದೀನಿ. ಟೋಕಿಯೊದ ಒಂದು ಕಂಪನಿಯಿಂದ ಮೂರು ವರ್ಷದ ಕೆಲಸಕ್ಕೆ ಆಫರ್ ಬಂದಿದೆ. ಆಫೀಸು ಓತೆಮಾಚಿ ಅನ್ನೋ ಕಡೆಯಂತೆ. ಅಕ್ಟೋಬರ್‌ನಲ್ಲಿ ಸೇರಬೇಕು. ಇಂಗ್ಲಿಷ್ ಬಂದರೆ ಸಾಕು ಅಂತ ಅವರು ಹೇಳ್ತಾರೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅಪ್ಪಾಜಿ ತೀರಿಕೊಂಡು ಐದು ವರ್ಷ ಆಯ್ತು, ಅವ್ವ ನಿಟ್ಟುವಳ್ಳಿಯ ಮನೇಲಿ ಒಬ್ಬಳೇ. ಅಣ್ಣ ಹುಬ್ಬಳ್ಳಿಯಲ್ಲಿದ್ದಾನೆ. ಮಾವ 'ಮದುವೆ ಮಾಡ್ಕೊಂಡು ಬೇಕಾದ್ರೆ ಹೋಗ್ಲಿ' ಅಂತಾರೆ. ಅವ್ವ ಬಾಯಲ್ಲಿ 'ಹೋಗು' ಅಂತಾಳೆ, ರಾತ್ರಿ ನಿದ್ದೆ ಮಾಡೋದಿಲ್ಲ. ಒಬ್ಬರ ಪರಿಚಯವೂ ಇಲ್ಲದ ಅಷ್ಟು ದೊಡ್ಡ ಊರಲ್ಲಿ ನನ್ನ ಕೈಲಿ ಬದುಕೋಕಾಗುತ್ತಾ? ಹೋಗಲೋ ಬೇಡವೋ?

ಹೆಸರು ಬೇಡ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ತಂಗಿ, ಹೋಗು. ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ಪತ್ರವನ್ನು ಎರಡು ದಿನ ಮೇಜಿನ ಮೇಲಿಟ್ಟುಕೊಂಡು ಯೋಚಿಸಿಯೇ ಈ ಮಾತು ಬರೆಯುತ್ತಿದ್ದೇನೆ. ಆದರೆ 'ಇಂಗ್ಲಿಷ್ ಬಂದರೆ ಸಾಕು' ಅನ್ನುವ ಮಾತನ್ನು ನಂಬಿಕೊಂಡು ಹೋಗಬೇಡ. ನಾನು 2004ರಲ್ಲಿ ಅದನ್ನೇ ನಂಬಿ ಹೋಗಿದ್ದೆ. ಆಫೀಸಿನ ಒಳಗೆ ಅದು ಸಾಕಾಯಿತು. ಆಫೀಸಿನ ಬಾಗಿಲು ದಾಟಿದ ಮೇಲೆ ಅಂಚೆ ಕಚೇರಿ, ಔಷಧಿ ಅಂಗಡಿ, ಗ್ಯಾಸ್‌ನವನು, ಪಕ್ಕದ ಮನೆಯವರು, ಯಾರ ಹತ್ತಿರವೂ ಅದು ನಡೆಯಲಿಲ್ಲ. ಮೊದಲ ಏಳು ತಿಂಗಳು ನಾನು ಆ ಊರಲ್ಲಿ ಮೂಗಿಯ ಹಾಗೆ ಇದ್ದೆ.

ಈಗ ನಾನು ಹೇಳುವುದನ್ನು ಯಾವ ಕೋಚಿಂಗ್‌ನವರೂ ನಿನಗೆ ಹೇಳಿರುವುದಿಲ್ಲ. ಜಪಾನಿ ಭಾಷೆಯನ್ನು ಇಂಗ್ಲಿಷ್ ಮೂಲಕ ಕಲಿಯಬೇಡ, ಕನ್ನಡದ ಮೂಲಕ ಕಲಿ. ಇಂಗ್ಲಿಷ್ ಪುಸ್ತಕ ಹಿಡಿದು ಕೂತಾಗ ವಾಕ್ಯವೆಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಕನ್ನಡದಲ್ಲಿ ಯೋಚಿಸಿದ ದಿನ ಅದು ತಾನಾಗಿ ನೆಟ್ಟಗಾಯಿತು. ನೋಡು: 'ನಾಳೆ ಆಫೀಸಿಗೆ ಹೋಗ್ತೀನಿ' ಅನ್ನುವುದಕ್ಕೆ ಅಲ್ಲಿ 'ಅಶಿತಾ ಕೈಶಾ ನಿ ಇಕಿಮಾಸ್'. ಅಶಿತಾ ಅಂದರೆ ನಾಳೆ, ಕೈಶಾ ಅಂದರೆ ಕಂಪನಿ, 'ನಿ' ಅಂದರೆ ನಮ್ಮ 'ಗೆ', ಕೊನೆಯಲ್ಲಿ ಕ್ರಿಯಾಪದ. ಒಂದು ಪದವನ್ನೂ ಜಾಗ ಬಿಟ್ಟು ಕದಲಿಸಬೇಕಿಲ್ಲ. 'ದಾವಣಗೆರೆಯಿಂದ ಟೋಕಿಯೊವರೆಗೆ' ಅನ್ನಬೇಕಾದರೆ 'ಕರಾ' ಅಂದರೆ ಇಂದ, 'ಮಾದೆ' ಅಂದರೆ ವರೆಗೆ. ನಾನೂ, ನೀನೂ ಅನ್ನುವ ಆ ದೀರ್ಘಕ್ಕೆ ಅವರಲ್ಲಿ 'ಮೊ'. 'ಬರ್ತೀನಿ ಅಂತ ಹೇಳಿದರು' ಅನ್ನುವ 'ಅಂತ'ಕ್ಕೆ 'ತೊ', ಅದೂ ಸರಿಯಾಗಿ ಅದೇ ಜಾಗದಲ್ಲಿ. ನನ್ನ ಕಣ್ಣಲ್ಲಿ ನೀರು ಬಂದದ್ದು 'ತಬೆತೆ ಮಿತೆ' ಅಂತ ಒಬ್ಬಾಕೆ ತಟ್ಟೆ ಮುಂದಿಟ್ಟಾಗ. ತಬೆತೆ ಅಂದರೆ ತಿಂದು, ಮಿತೆ ಅಂದರೆ ನೋಡು. ತಿಂದು ನೋಡು! ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಪುಸ್ತಕದವರು ಅರ್ಧ ಪುಟ ಬರೆದಿದ್ದರು. ನಮ್ಮವ್ವ ದಿನಾ ಅಡುಗೆಮನೆಯಲ್ಲಿ ಹೇಳುತ್ತಿದ್ದ ಮಾತು ಅದು.

ಅಕ್ಷರಮಾಲೆಯೂ ನಿನಗೆ ಅರ್ಧ ಗೊತ್ತಿರುವುದೇ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಈ ಕ್ರಮ ಹುಟ್ಟಿದ್ದು ಬೌದ್ಧ ಸನ್ಯಾಸಿಗಳು ಸಂಸ್ಕೃತದ ವರ್ಣಮಾಲೆ ಕಲಿತದ್ದರಿಂದ. ಕಾಗುಣಿತ ಬಾಯಿಪಾಠ ಮಾಡಿದ ಮಗುವಿಗೆ ಇದು ಹೊಸದಲ್ಲ. ಅವರ ಲಿಪಿ ಎರಡು: ಹಿರಗಾನ 46 ಅಕ್ಷರ, ಹೊರದೇಶದ ಹೆಸರು ಬರೆಯುವ ಕತಕಾನ 46. ಅಕ್ಟೋಬರ್‌ಗೆ ಮುಂಚೆ ಇವೆರಡನ್ನೂ ಬರೆಯಲು ಕಲಿತುಬಿಡು, ದಿನಕ್ಕೆ ಐದು ಅಕ್ಷರ ಸಾಕು. ಚೀನೀ ಮೂಲದ ಕಾಂಜಿ ಅಕ್ಷರ ದಿನಬಳಕೆಯ ಸರ್ಕಾರಿ ಪಟ್ಟಿಯಲ್ಲೇ 2,136, ಅದು ಅಲ್ಲಿ ಹೋದ ಮೇಲೆ ನಿಧಾನಕ್ಕೆ. ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷೆಯ ಪರೀಕ್ಷೆ ಬೆಂಗಳೂರಿನಲ್ಲೇ ನಡೆಯುತ್ತದೆ, ಎನ್5 ಮೊದಲ ಮೆಟ್ಟಿಲು. ಸರ್ಟಿಫಿಕೇಟ್ ಸಿಗಲಿ ಬಿಡಲಿ, ಅದಕ್ಕೆ ಓದಿದ್ದು ಕೈಬಿಡುವುದಿಲ್ಲ.

ಇನ್ನು ಹೆಸರಿನ ವಿಷಯ. ನಮ್ಮ ಕಡೆಯ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಉಪನಾಮದ ಜಾಗ ಖಾಲಿ ಇರುತ್ತದೆ, ಇಲ್ಲವೇ ಇನಿಷಿಯಲ್‌ಗಳನ್ನು ಬಿಡಿಸಿ ಅಜ್ಜನ ಊರಿನ ಹೆಸರೂ ಸೇರಿಕೊಂಡಿರುತ್ತದೆ. ಅಲ್ಲಿ ಪ್ರತಿ ಅರ್ಜಿಯಲ್ಲೂ ಎರಡು ಚೌಕ, ಮನೆತನದ ಹೆಸರಿಗೊಂದು, ನಿನ್ನ ಹೆಸರಿಗೊಂದು. ಜೊತೆಗೆ ಅದನ್ನು ಕತಕಾನದಲ್ಲಿ ಬರೆಯಬೇಕು. ಅವರಲ್ಲಿ ಲ ಇಲ್ಲ, ಳ ಇಲ್ಲ, ಎಲ್ಲ ರ ಆಗುತ್ತದೆ. ನನ್ನ ಹೆಸರಿನ ಲ ಆಫೀಸಿನ ಕಾಗದದಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ ಆಗಿ, ಮೊದಲ ತಿಂಗಳ ಸಂಬಳ ಖಾತೆಗೆ ಬೀಳದೆ ವಾಪಸು ಹೋಯಿತು. ಹನ್ನೊಂದು ದಿನ ಕೈಯಲ್ಲಿದ್ದ ಚಿಲ್ಲರೆಯಲ್ಲಿ ಕಳೆದೆ. ನಿನ್ನ ಹೆಸರಿನ ಕತಕಾನವನ್ನು ಮೊದಲ ದಿನವೇ ನಿರ್ಧರಿಸಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊ. ವಾರ್ಡ್ ಕಚೇರಿ, ಬ್ಯಾಂಕು, ಕಂಪನಿ, ಫೋನು, ಎಲ್ಲ ಕಡೆ ಅದೇ ಚೀಟಿ ತೋರಿಸು.

ವಿಮಾನ ಇಳಿದಾಗಲೇ ನರೀತಾದಲ್ಲೋ ಹನೇದಾದಲ್ಲೋ ರೆಸಿಡೆನ್ಸ್ ಕಾರ್ಡ್ ಕೈಗೆ ಕೊಡುತ್ತಾರೆ. ಮನೆ ಗೊತ್ತಾದ 14 ದಿನದೊಳಗೆ ಆ ವಾರ್ಡಿನ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಕಾರ್ಡು ಸದಾ ಜೊತೆಯಲ್ಲಿರಬೇಕು, ಅದನ್ನಾಗಲಿ ಪಾಸ್‌ಪೋರ್ಟನ್ನಾಗಲಿ 'ನಮ್ಮ ಹತ್ತಿರ ಇರಲಿ' ಅಂತ ಯಾವ ಕಂಪನಿಯವರು ಕೇಳಿದರೂ ಕೊಡಬೇಡ. ಕೆಲಸ ಬದಲಾಯಿಸಿದರೂ 14 ದಿನದಲ್ಲಿ ಇಮಿಗ್ರೇಷನ್‌ಗೆ ತಿಳಿಸಬೇಕು. ಆಫರ್ ಪತ್ರವನ್ನು ಇನ್ನೊಂದು ಸಲ ಓದು. ಸಂಬಳದೊಳಗೇ ಇಂತಿಷ್ಟು ಗಂಟೆಯ ಓವರ್‌ಟೈಮ್ ಸೇರಿದೆ ಅಂತ ಬರೆದಿದ್ದಾರಾ? ಎಷ್ಟು ಗಂಟೆ ಅಂತ ಈಗಲೇ ಇಮೇಲ್‌ನಲ್ಲಿ ಕೇಳಿಕೊ. ಇನ್ನೊಂದು ಲೆಕ್ಕ: ಮೊದಲ ವರ್ಷ ಸಂಬಳದಲ್ಲಿ ಹಿಡಿಯದ ಜೂಮಿನ್‌ಜೈ ಅನ್ನುವ ಸ್ಥಳೀಯ ತೆರಿಗೆ, ಹಿಂದಿನ ವರ್ಷದ ಆದಾಯದ ಸುಮಾರು 10% ಲೆಕ್ಕದಲ್ಲಿ, ಮುಂದೆ ಒಂದು ಜೂನ್‌ನಿಂದ ಶುರುವಾಗುತ್ತದೆ. ಮೊದಮೊದಲು ಕೈಗೆ ಬಂದ ಹಣವನ್ನೇ ನಂಬಿ ಊರಿನಲ್ಲಿ ಸಾಲದ ಕಂತು ಹಾಕಿಕೊಂಡವರು ಒದ್ದಾಡಿದ್ದನ್ನು ನೋಡಿದ್ದೇನೆ. ಆರೋಗ್ಯ ವಿಮೆ ಕಂಪನಿಯ ಮೂಲಕವೇ ಆಗುತ್ತದೆ, ಆಸ್ಪತ್ರೆಯ ಬಿಲ್ಲಿನಲ್ಲಿ ನಿನ್ನ ಪಾಲು 30%. ಪಿಂಚಣಿಗೆ ಕಟ್ಟಿದ್ದರಲ್ಲಿ ಒಂದು ಭಾಗವನ್ನು ದೇಶ ಬಿಟ್ಟ ಮೇಲೆ ಎರಡು ವರ್ಷದೊಳಗೆ ಅರ್ಜಿ ಹಾಕಿ ವಾಪಸು ಪಡೆಯಬಹುದು. ಆದರೆ 2016ರ ಅಕ್ಟೋಬರ್‌ನಿಂದ ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ, ಪಿಂಚಣಿಗೆ ಎರಡೂ ದೇಶದಲ್ಲಿ ಕಟ್ಟಿದ ವರ್ಷಗಳನ್ನು ಕೂಡಿಸುತ್ತಾರೆ. ಹಣ ವಾಪಸು ತೆಗೆದುಕೊಂಡರೆ ಆ ವರ್ಷಗಳು ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಎರಡನ್ನೂ ತೂಗಿ ನೋಡಿ ತೀರ್ಮಾನಿಸು.

ಮನೆ. ಇದಕ್ಕೆ ದುಡ್ಡು ಕೂಡಿಟ್ಟುಕೊಂಡೇ ಹೊರಡು. ನಮ್ಮಲ್ಲಿ ಅಡ್ವಾನ್ಸ್ ಕೊಟ್ಟರೆ ಬಿಡುವಾಗ ವಾಪಸು ಬರುತ್ತದೆ ಅನ್ನುವ ಭರವಸೆಯಾದರೂ ಇರುತ್ತದೆ. ಅಲ್ಲಿ 'ಶಿಕಿಕಿನ್' ಅನ್ನುವುದು ಅಡ್ವಾನ್ಸು, ಅದರ ಜೊತೆ 'ರೇಕಿನ್' ಅಂತ ಇನ್ನೊಂದು ಇದೆ, ಮಾಲೀಕರಿಗೆ ಕೃತಜ್ಞತೆಯ ಹಣ, ಮರಳಿ ಬರುವುದಿಲ್ಲ. ಅದರ ಮೇಲೆ ಏಜೆಂಟನಿಗೆ ಒಂದು ತಿಂಗಳ ಬಾಡಿಗೆ, ಜಾಮೀನು ಕಂಪನಿಗೆ ಒಂದಿಷ್ಟು, ಮೊದಲ ತಿಂಗಳ ಬಾಡಿಗೆ. ನನ್ನ ಕೋಣೆಗೆ ತಿಂಗಳಿಗೆ 68 ಸಾವಿರ ಯೆನ್ ಇತ್ತು, ಬೀಗದ ಕೈ ಸಿಗುವ ಹೊತ್ತಿಗೆ ಐದು ತಿಂಗಳ ಬಾಡಿಗೆಯಷ್ಟು ಕೈಬಿಟ್ಟಿತ್ತು. ಆರು ತತಾಮಿ ಚಾಪೆಯ ಕೋಣೆ ಅನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ಹತ್ತಡಿಗೆ ಹತ್ತಡಿ. ಒಳಗೆ ಹೋದರೆ ದೀಪವೂ ಇಲ್ಲ, ಪರದೆಯೂ ಇಲ್ಲ, ಒಲೆಯೂ ಇಲ್ಲ. ಗ್ಯಾಸ್ ಸಂಪರ್ಕ ಕೊಡಬೇಕಾದರೆ ಆಳು ಬರುವ ಹೊತ್ತಿಗೆ ನೀನು ಮನೆಯಲ್ಲೇ ಇರಬೇಕು. ಮೊದಲ ರಾತ್ರಿ ನಾನು ಬೀದಿದೀಪದ ಬೆಳಕಲ್ಲಿ ಬಿಸ್ಕತ್ತು ತಿಂದು ಮಲಗಿದೆ. ಯುಆರ್ ಅನ್ನುವ ಸರ್ಕಾರಿ ಸಂಸ್ಥೆಯ ಮನೆಗಳಲ್ಲಿ ರೇಕಿನ್ ಇಲ್ಲ, ಏಜೆಂಟ್ ಹಣ ಇಲ್ಲ, ಜಾಮೀನುದಾರರೂ ಬೇಡ. ಎರಡು ತಿಂಗಳ ಅಡ್ವಾನ್ಸು ಮಾತ್ರ. ಅದನ್ನೇ ಮೊದಲು ವಿಚಾರಿಸು.

ಓತೆಮಾಚಿ ಅಂದೆಯಲ್ಲ, ಓದಿ ಖುಷಿಯಾಯಿತು. ತೋಜಾಯ್ ಅನ್ನುವ ಮೆಟ್ರೊ ಸಾಲಿನಲ್ಲಿ ಅಲ್ಲಿಂದ ಕಾಲು ಗಂಟೆಯ ದಾರಿ ನಿಶಿ-ಕಸಾಯಿ. 2000ದ ಹೊತ್ತಿಗೆ ಕಂಪ್ಯೂಟರ್ ಕೆಲಸಕ್ಕೆ ಬಂದ ನಮ್ಮ ಜನ ಅಲ್ಲಿ ಬೀಡುಬಿಟ್ಟರು, ಇವತ್ತಿಗೂ ಟೋಕಿಯೊದಲ್ಲಿ ಭಾರತೀಯರು ಹೆಚ್ಚಾಗಿರುವ ಜಾಗ ಅದೇ. ತೊಗರಿಬೇಳೆ, ಹುಣಸೆಹಣ್ಣು, ಇಂಗು ಎಲ್ಲ ಸಿಗುತ್ತದೆ. ಬೆಳಗಿನ ಹೊತ್ತು ಆ ಸಾಲಿನ ನೂಕುನುಗ್ಗಲು ಹೆಸರುವಾಸಿ. ಹೆಂಗಸರಿಗೆ ಅಂತ ಒಂದು ಬೋಗಿ ಇರುತ್ತದೆ, ಅದನ್ನೇ ಹತ್ತು. ಎರಡು ನದಿಯ ನಡುವಿನ ತಗ್ಗು ನೆಲ ಅದು, ಕೆಲವು ಕಡೆ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಹಾಗಾಗಿ ನೆಲ ಅಂತಸ್ತಿನ ಮನೆ ಬೇಡ, ಮೂರನೆಯದೋ ನಾಲ್ಕನೆಯದೋ ನೋಡು. ಮೊದಲ ವರ್ಷ ನಮ್ಮವರ ನಡುವೆ ಇರು. ಎರಡನೆಯ ವರ್ಷ ಬೇರೆ ಕಡೆಗೆ ಹೋಗು ಅಂತಲೇ ನನ್ನ ಸಲಹೆ, ಇಲ್ಲದಿದ್ದರೆ ಮೂರು ವರ್ಷ ಟೋಕಿಯೊದಲ್ಲಿದ್ದೂ ಟೋಕಿಯೊ ನೋಡದೆ ಬರುತ್ತೀಯ.

ಊಟದ ಬಗ್ಗೆ ನಿನಗೆ ಇರುವ ಭಯ ನಿಜವಾದದ್ದು. ಅಲ್ಲಿ ತರಕಾರಿ ಇರುವುದೆಲ್ಲ ಸಸ್ಯಾಹಾರ ಅಲ್ಲ. ಒಣಗಿಸಿದ ಕತ್ಸುವೊ ಮೀನಿನ ಸಾರು, ದಾಶಿ ಅನ್ನುತ್ತಾರೆ, ಮಿಸೊ ಸಾರಿನಲ್ಲಿ, ಸೊಬಾ ಅನ್ನುವ ಶಾವಿಗೆಯ ಸಾಸಿನಲ್ಲಿ, ಬೇಯಿಸಿದ ಮೂಲಂಗಿಯಲ್ಲಿ, ಎಲ್ಲದರಲ್ಲೂ ಇರುತ್ತದೆ. ನಾತ್ತೊ ಅನ್ನುವ ಸೋಯಾಕಾಳಿನ ಪೊಟ್ಟಣದ ಜೊತೆ ಬರುವ ಸಾಸಿನ ಪುಟ್ಟ ಚೀಲದಲ್ಲೂ ಇರುತ್ತದೆ. 'ಮಾಂಸ ಇಲ್ಲ' ಅಂತ ಅವರು ಹೇಳಿದರೆ ಅದು ಸುಳ್ಳಲ್ಲ, ಅವರ ಪ್ರಕಾರ ಸಾರು ಮಾಂಸವಲ್ಲ. ಈ ಮಾತನ್ನು ಬಾಯಿಪಾಠ ಮಾಡಿಕೊ: 'ನಿಕು ತೊ ಸಕಾನಾ ವಾ ತಬೆಮಾಸೆನ್. ಕತ್ಸುವೊ-ದಾಶಿ ಮೊ ದಮೆ ದೆಸ್.' ಮಾಂಸ, ಮೀನು ತಿನ್ನುವುದಿಲ್ಲ, ಮೀನಿನ ಸಾರೂ ಆಗುವುದಿಲ್ಲ. ಕೊಂಬು ಅನ್ನುವ ಸಮುದ್ರಪಾಚಿಯಿಂದಲೂ ಶೀತಾಕೆ ಅಣಬೆಯಿಂದಲೂ ಮಾಡುವ ದಾಶಿ ಉಂಟು, ಕೇಳಿದರೆ ಕೆಲವರು ಮಾಡಿಕೊಡುತ್ತಾರೆ. ಬೌದ್ಧ ಮಠಗಳ ಶೋಜಿನ್ ಊಟದಲ್ಲಿ ಮಾಂಸ ಮೀನು ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅದನ್ನು ಉಂಡ ದಿನ ನನಗೆ ಮಠದ ಪಂಕ್ತಿಯಲ್ಲಿ ಕೂತ ಹಾಗಾಯಿತು. ಚಳಿಗಾಲದಲ್ಲಿ ಬೀದಿಯಲ್ಲಿ ಸುಟ್ಟ ಗೆಣಸು ಮಾರುತ್ತಾರೆ. ಅಕ್ಕಿ ಉಬ್ಬಿಸಿ ಮಾಡುವ ಪೊನ್-ಗಾಶಿ ಅಂತ ಒಂದಿದೆ, ನಮ್ಮ ಮಂಡಕ್ಕಿಯ ತಂಗಿಯಂಥದು. ನಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಹುರಿದರೆ, ಅವರು ಕಬ್ಬಿಣದ ಡಬ್ಬಿಯಲ್ಲಿ ಕಾಯಿಸಿ ಡಬ್ ಅಂತ ಸಿಡಿಸುತ್ತಾರೆ. ಆದರೆ ಅದು ಸಿಹಿ. ಮೊದಲ ಸಲ ತಿಂದಾಗ ನಾಲಿಗೆ ಖಾರಕ್ಕೆ ಕಾಯುತ್ತಿತ್ತು, ಅದು ಬರಲೇ ಇಲ್ಲ.

ಆಫೀಸಿನಲ್ಲಿ ಒಂದೇ ಒಂದು ಎಚ್ಚರ. 'ಹಾಯ್' ಅಂದರೆ ಹೌದು ಅಂತ ಪುಸ್ತಕದಲ್ಲಿದೆ, ಬಳಕೆಯಲ್ಲಿ ಅದು 'ಕೇಳಿಸ್ತು' ಅಷ್ಟೇ. 'ಚೊತ್ತೊ...' ಅಂತ ಉಸಿರೆಳೆದು ಅರ್ಧಕ್ಕೆ ನಿಲ್ಲಿಸಿದರೆ ಅದು 'ಇಲ್ಲ'. ನಮ್ಮೂರಲ್ಲಿ ಹೆಣ್ಣು ನೋಡಿ ಹೋದವರು 'ನೋಡೋಣ, ತಿಳಿಸ್ತೀವಿ' ಅಂದರೆ ನಮಗೆ ಅರ್ಥವಾಗುವುದಿಲ್ಲವಾ? ಹಾಗೇ ಅದು. ಕೆಲಸ ಎಲ್ಲಿಗೆ ಬಂತು, ಏನು ತೊಡಕಾಯಿತು ಅನ್ನುವುದನ್ನು ಮೇಲಿನವರು ಕೇಳುವ ಮುಂಚೆ ನೀನೇ ಹೇಳುತ್ತಿರಬೇಕು. ಮುಗಿಸಿಯೇ ತೋರಿಸೋಣ ಅಂತ ಕೂತರೆ ಅವರು ಕಂಗಾಲಾಗುತ್ತಾರೆ.

ಈಗ ಭೂಕಂಪ. ಹೆದರಿಸಲು ಅಲ್ಲ, ಗೊತ್ತಿರಲಿ ಅಂತ. 2011ರ ಮಾರ್ಚ್ 11, ಶುಕ್ರವಾರ, ಮಧ್ಯಾಹ್ನ 2 ಗಂಟೆ 46 ನಿಮಿಷ. ನಾನು ಏಳನೆಯ ಮಹಡಿಯಲ್ಲಿದ್ದೆ. ತೀವ್ರತೆ 9.0 ಅಂತ ಆಮೇಲೆ ಗೊತ್ತಾಯಿತು. ಕಪಾಟುಗಳು ನಡೆದಾಡಿದವು, ಕಿಟಕಿಯಾಚೆ ಎತ್ತರದ ಕಟ್ಟಡಗಳು ಜೋಳದ ದಂಟಿನ ಹಾಗೆ ತೂಗುತ್ತಿದ್ದವು. ಬಂಡೆಗಲ್ಲಿನ ಸೀಮೆಯಲ್ಲಿ ಬೆಳೆದ ನನಗೆ ನೆಲ ಅಂದರೆ ಅಲುಗಾಡದ್ದು ಅಂತಲೇ ನಂಬಿಕೆ ಇತ್ತು. ರೈಲು ನಿಂತವು, ಮೊಬೈಲ್ ಸಿಗಲಿಲ್ಲ. ನಾನು ಎಯ್‌ತಾಯ್ ರಸ್ತೆ ಹಿಡಿದು ಸುಮಿದಾ ನದಿ ದಾಟಿ, ಮೊನ್‌ಜೆನ್-ನಕಾಚೊ, ತೊಯೊಚೊ ದಾಟಿ, ಕತ್ತಲಲ್ಲಿ ಅರಕಾವಾ ನದಿಯ ಉದ್ದದ ಸೇತುವೆ ದಾಟಿ ನಿಶಿ-ಕಸಾಯಿಗೆ ನಡೆದೆ. ಸುಮಾರು ನಾಲ್ಕು ಗಂಟೆ ಹಿಡಿಯಿತು. ಸಾವಿರಾರು ಜನ ಪಕ್ಕದಲ್ಲಿ ನಡೆಯುತ್ತಿದ್ದರು, ಒಬ್ಬರೂ ಕೂಗಾಡಲಿಲ್ಲ, ಒಬ್ಬರೂ ತಳ್ಳಲಿಲ್ಲ. ಅಂಗಡಿಯವರು ಶೌಚಾಲಯ ತೆರೆದಿಟ್ಟು 'ಬಳಸಿ' ಅಂತ ಕಾಗದ ಅಂಟಿಸಿದ್ದರು. ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ನನ್ನ ಕಾಲು ಬೊಬ್ಬೆ ಎದ್ದಿತ್ತು. ಅವತ್ತಿನಿಂದ ಆಫೀಸಿನ ಡ್ರಾಯರ್‌ನಲ್ಲಿ ಒಂದು ಜೊತೆ ಬಟ್ಟೆ ಶೂ ಇಟ್ಟುಕೊಂಡೆ, ನೀನೂ ಇಟ್ಟುಕೊ. ದಾರಿಯಲ್ಲಿ ಹಸಿರು ಬಣ್ಣದ ಸಾರ್ವಜನಿಕ ಫೋನು ಕೆಲಸ ಮಾಡುತ್ತಿತ್ತು, ಮೊಬೈಲ್ ಜಾಲ ಬಿದ್ದರೂ ಅವು ನಡೆಯುತ್ತವೆ. ನಿನ್ನ ಬೀದಿಯಲ್ಲಿ ಅದು ಎಲ್ಲಿದೆ ಅಂತ ನೋಡಿಟ್ಟುಕೊ. ಪೊಲೀಸರಿಗೆ 110, ಆಂಬುಲೆನ್ಸ್‌ಗೆ 119. ಅವ್ವ ಟಿವಿಯಲ್ಲಿ ಸುನಾಮಿ ನೋಡಿ ಕೂತಿದ್ದಳು, ನನ್ನ ದನಿ ಕೇಳಿಸಿದ್ದು ಮಧ್ಯರಾತ್ರಿ ದಾಟಿದ ಮೇಲೆ. ಭೂಕಂಪವಾದ ದಿನ ಮನೆಗೆ ಸುದ್ದಿ ಮುಟ್ಟುವುದು ತಡವಾಗಬಹುದು, ತಡ ಅಂದರೆ ಕೆಟ್ಟದ್ದು ಅಂತಲ್ಲ, ಇದನ್ನು ನಿನ್ನ ಅವ್ವನಿಗೆ ಹೊರಡುವ ಮುಂಚೆಯೇ ಹೇಳಿರು.

ಅವ್ವನ ಮಾತಿಗೇ ಬರುತ್ತೇನೆ. ನಿನ್ನ ಪತ್ರದ ನಿಜವಾದ ಪ್ರಶ್ನೆ ಅದೇ ಅಂತ ನನಗೆ ಗೊತ್ತು.

2009ರ ಫೆಬ್ರವರಿಯಲ್ಲಿ ರಾತ್ರಿ 11 ಗಂಟೆಗೆ ಅಣ್ಣನ ಫೋನು ಬಂತು, ಅಪ್ಪಾಜಿ ಹೋದರು ಅಂತ. ಆ ಕಾಲದಲ್ಲಿ ಜಪಾನ್ ಬಿಟ್ಟು ಮರಳಿ ಬರಬೇಕಾದರೆ ಮೊದಲೇ ಮರುಪ್ರವೇಶದ ಪರವಾನಗಿ ಮಾಡಿಸಿಟ್ಟಿರಬೇಕಿತ್ತು. ನಾನು ಮಾಡಿಸಿರಲಿಲ್ಲ. ಬೆಳಗಾದ ಮೇಲೆ ಶಿನಾಗಾವಾದ ಇಮಿಗ್ರೇಷನ್ ಕಚೇರಿಯ ಸಾಲಿನಲ್ಲಿ ನಿಂತು, ಮುದ್ರೆ ಬೀಳುವ ಹೊತ್ತಿಗೆ ಮಧ್ಯಾಹ್ನ. ಮಾರನೆಯ ದಿನದ ವಿಮಾನ. ಬೆಂಗಳೂರಿನಿಂದ ರಾತ್ರಿ ಬಸ್ಸು. ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದು ಎರಡು ದಿನವಾಗಿತ್ತು. ಜಗುಲಿಯ ಮೇಲೆ ಅವರ ಕನ್ನಡಕ ಇತ್ತು. ಪರವಾನಗಿ ಇದ್ದಿದ್ದರೂ ಮಣ್ಣಿಗೆ ಸಿಗುತ್ತಿರಲಿಲ್ಲವೇನೋ, ಆದರೂ ಆ ಸಾಲಿನಲ್ಲಿ ನಿಂತ ಬೆಳಗನ್ನು ನಾನು ಮರೆತಿಲ್ಲ. 2012ರ ಜುಲೈನಿಂದ ನಿಯಮ ಬದಲಾಗಿದೆ. ಒಂದು ವರ್ಷದೊಳಗೆ ಮರಳುವುದಾದರೆ ಮುಂಚಿತ ಪರವಾನಗಿ ಬೇಡ, ಹೊರಡುವಾಗ ವಿಮಾನ ನಿಲ್ದಾಣದ ಕಾರ್ಡಿನಲ್ಲಿ ಮರಳಿ ಬರುತ್ತೇನೆ ಅನ್ನುವ ಚೌಕಕ್ಕೆ ಗುರುತು ಹಾಕಿದರಾಯಿತು. ಗುರುತು ಹಾಕಲು ಮರೆತರೆ ವೀಸಾವೇ ಹೋಗುತ್ತದೆ. ಎಂಥ ದುಃಖದ ಅವಸರದಲ್ಲಿದ್ದರೂ ಆ ಚೌಕ ಮರೆಯಬೇಡ. ಒಂದು ಸಲ ಊರಿಗೆ ಹೋಗಿಬರುವಷ್ಟು ಟಿಕೆಟ್ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಅದನ್ನು ಯಾವುದಕ್ಕೂ ಮುಟ್ಟಬೇಡ.

ಹುಬ್ಬಳ್ಳಿಯ ಅಣ್ಣನ ಜೊತೆ ಎದುರು ಕೂತು ಮಾತಾಡು. 'ಅವ್ವನ್ನ ನೋಡ್ಕೋ' ಅಂದರೆ ಸಾಲದು. ತಿಂಗಳಿಗೆ ಎಷ್ಟು ಸಲ ಬರುತ್ತಾನೆ, ರಾತ್ರಿ ಹೊತ್ತು ಏನಾದರೂ ಆದರೆ ಪಕ್ಕದ ಮನೆಯ ಯಾರ ಹತ್ತಿರ ಬೀಗದ ಕೈ ಇರುತ್ತದೆ, ಇದೆಲ್ಲ ಮಾತಾಗಲಿ. ಅವ್ವನಿಗೆ ಈಗಲೇ ಪಾಸ್‌ಪೋರ್ಟ್ ಮಾಡಿಸು. ನಮ್ಮವ್ವ 2008ರ ವಸಂತದಲ್ಲಿ ಮೂರು ವಾರ ಬಂದಿದ್ದಳು. ಕುದಾನ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯ ಎದುರಿನ ಕಂದಕದ ದಂಡೆ ತುಂಬ ಸಕುರಾ, ಅಂದರೆ ಚೆರ್ರಿ ಹೂವು, ಅರಳಿತ್ತು. ಕತ್ತೆತ್ತಿ ನೋಡಿ, 'ಇಷ್ಟೊಂದು ಹೂವು, ಒಂದು ಕಾಯಿನೂ ಕಟ್ಟಲ್ವಂತಲ್ಲ' ಅಂತ ಮರುಗಿದಳು. ಬಾಗಿಲಲ್ಲಿ ಚಪ್ಪಲಿ ಬಿಡುವ ಜನ ಅಂತ ನೋಡಿದ ಮೇಲೆ ಅವಳ ಎದೆ ಹಗುರಾಯಿತು. ಫೋನಿನ ಹೊತ್ತು ಒಂದೇ ಇರಲಿ: ಅಲ್ಲಿ ನಿನಗೆ ಊಟದ 12 ಗಂಟೆ ಆದಾಗ ಇಲ್ಲಿ 8.30, ಅವ್ವ ಪೂಜೆ ಮುಗಿಸಿ ಕೂತಿರುತ್ತಾಳೆ. ರೈಲಿನಲ್ಲಿ ಮಾತ್ರ ಮಾತಾಡಬೇಡ, ಅಲ್ಲಿ ಅದು ಒರಟುತನ.

ಮಾವನ ಮಾತಿಗೆ ನನ್ನ ಉತ್ತರ ಚಿಕ್ಕದು. ಮದುವೆಯಾಗಬೇಕು ಅನ್ನಿಸಿದಾಗ ಆಗು, ವೀಸಾಕ್ಕೆ ಹೆದರಿ ಆಗಬೇಡ.

ಒಂಟಿತನ ಬರುತ್ತದೆ, ಬರುವುದಿಲ್ಲ ಅಂತ ಸುಳ್ಳು ಹೇಳಲಾರೆ. ದಾವಣಗೆರೆಯಲ್ಲಿ 2011ರ ಜನಗಣತಿ ಪ್ರಕಾರ ಇದ್ದವರು 4.35 ಲಕ್ಷ. ಟೋಕಿಯೊ ಆಡಳಿತದ ಎಲ್ಲೆಯೊಳಗೇ ಸುಮಾರು 1.4 ಕೋಟಿ ಜನ. ಶಿಂಜುಕು ಅನ್ನುವ ಒಂದೇ ಸ್ಟೇಷನ್ನಿಗೆ 200ಕ್ಕೂ ಹೆಚ್ಚು ಬಾಗಿಲು. ಅಷ್ಟು ಜನರ ನಡುವೆ ಭಾನುವಾರ ಇಡೀ ದಿನ ಬಾಯಿ ತೆರೆಯದೆ ಕಳೆದದ್ದಿದೆ. ಅದು ಒಡೆದದ್ದು ಹೀಗೆ. ನಮ್ಮ ಕಟ್ಟಡದ ಮುಂದೆ ದಿನಾ ಬೆಳಿಗ್ಗೆ ಒಬ್ಬ ಅಜ್ಜಿ ಕಸ ಗುಡಿಸುತ್ತಿದ್ದರು. ಶಾಲೆಗೆ ಹೊರಟ ಮಕ್ಕಳು ಅವರಿಗೆ 'ಇತ್ತೆ ಕಿಮಾಸ್' ಅನ್ನುತ್ತಿದ್ದವು, ಅಜ್ಜಿ 'ಇತ್ತೆ ರಾಶ್ಶಾಯ್' ಅನ್ನುತ್ತಿದ್ದರು. ಆಫೀಸಿನಲ್ಲಿ ಕೇಳಿದೆ. 'ಇತ್ತೆ' ಅಂದರೆ ಹೋಗಿ, 'ಕಿಮಾಸ್' ಅಂದರೆ ಬರ್ತೀನಿ. ಹೋಗಿ ಬರ್ತೀನಿ! ಮನೆಯಿಂದ ಹೊರಡುವಾಗ ಬರೀ 'ಹೋಗ್ತೀನಿ' ಅಂದರೆ ನಮ್ಮವ್ವ ಬಾಗಿಲಲ್ಲೇ ತಡೆದು 'ಹೋಗಿ ಬರ್ತೀನಿ ಅನ್ನು' ಅನ್ನುತ್ತಿದ್ದಳು. ಮರುದಿನ ಬೆಳಿಗ್ಗೆ ನಾನೂ ಅಜ್ಜಿಗೆ ಅದನ್ನೇ ಹೇಳಿದೆ. ಅವರು ಪೊರಕೆ ನಿಲ್ಲಿಸಿ, ನನ್ನನ್ನು ನೋಡಿ, 'ಇತ್ತೆ ರಾಶ್ಶಾಯ್' ಅಂದರು. ಹೋಗಿ ಬಾ. ಆಮೇಲೆ ಹತ್ತು ವರ್ಷ ದಿನಾ ಹೇಳಿದ್ದೇನೆ. ಕಸ ಯಾವ ದಿನ ಯಾವುದು ಇಡಬೇಕು ಅನ್ನುವುದರಿಂದ ಹಿಡಿದು ಜ್ವರಕ್ಕೆ ಯಾವ ಡಾಕ್ಟರು ಒಳ್ಳೆಯವರು ಅನ್ನುವವರೆಗೆ ನನಗೆ ಆ ಊರು ಕಲಿಸಿದ್ದು ಆ ಅಜ್ಜಿ. 'ತಬೆತೆ ಮಿತೆ' ಅಂದವರೂ ಅವರೇ.

ನೀನು ಹೊರಡುವವರೆಗೆ ಶನಿವಾರ ಭಾನುವಾರ ಊರಿಗೆ ಬರುತ್ತೀಯಾದರೆ ನಮ್ಮ ಮನೆಗೆ ಬಾ. ಸಂಜೆ ಎಂಟು ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತೇನೆ, ನೀನು ಒಂಬತ್ತನೆಯವಳಾಗು. ಪತ್ರಿಕೆಯವರಿಗೆ ಹೇಳಿರುತ್ತೇನೆ, ವಿಳಾಸ ಕೊಡುತ್ತಾರೆ. ಅವ್ವನನ್ನೂ ಕರೆದುಕೊಂಡು ಬಾ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಗ ಡಿಪ್ಲೊಮಾ ಮಾಡಿ ಮನೆಯಲ್ಲಿದ್ದಾನೆ. ಜಪಾನಿನಲ್ಲಿ ಕೆಲಸ ಕೊಡಿಸುವುದಾಗಿ ಒಬ್ಬರು ಎರಡೂವರೆ ಲಕ್ಷ ಕೇಳುತ್ತಿದ್ದಾರೆ. ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಳ್ಳಬಹುದು ಎನ್ನುತ್ತಾರೆ. ಕೊಡಬಹುದೇ?

ಓದುಗರು, ಚಿತ್ರದುರ್ಗ

ಉತ್ತರ: ಕೊಡಬೇಡಿ ಮೇಷ್ಟ್ರೇ. ಒಂದು ರೂಪಾಯಿಯೂ ಬೇಡ. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ, ಸಿಕ್ಕಿಬಿದ್ದರೆ ಗಡೀಪಾರು, ಆಮೇಲೆ ವರ್ಷಗಟ್ಟಲೆ ಆ ದೇಶದ ಬಾಗಿಲು ಮುಚ್ಚಿದ ಹಾಗೆಯೇ. ಸರಿಯಾದ ದಾರಿಯಲ್ಲಿ ಕೆಲಸ ಕೊಡುವ ಕಂಪನಿಯೇ ಅಲ್ಲಿನ ಇಮಿಗ್ರೇಷನ್‌ನಿಂದ ಅರ್ಹತಾ ಪತ್ರ ತೆಗೆಸಿ ಕಳಿಸುತ್ತದೆ. ಸಿಒಇ ಅನ್ನುತ್ತಾರೆ. ಅದು ಕೈಗೆ ಬಂದ ಮೇಲೆ ಇಲ್ಲಿ ವೀಸಾ. ಆ ವ್ಯಕ್ತಿಯನ್ನು ಎರಡೇ ಮಾತು ಕೇಳಿ: ಕಂಪನಿಯ ಹೆಸರೇನು, ಸಿಒಇ ಎಲ್ಲಿ? ವಿದೇಶಕ್ಕೆ ಆಳು ಕಳಿಸುವ ಏಜೆಂಟರು ನಮ್ಮ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿಯಾಗಿರಬೇಕು. ಇ-ಮೈಗ್ರೇಟ್ ತಾಣದಲ್ಲಿ ಹೆಸರು ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೂ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ಅಂತ ಮಿತಿ ಇದೆ. ಎರಡೂವರೆ ಲಕ್ಷ ಎಲ್ಲಿ, ಅದೆಲ್ಲಿ.

ಹುಡುಗನಿಗೆ ನಿಜವಾದ ದಾರಿಯೂ ಇದೆ. 2019ರ ಏಪ್ರಿಲ್‌ನಲ್ಲಿ ಜಪಾನ್ 'ನಿರ್ದಿಷ್ಟ ಕೌಶಲ'ದ ವೀಸಾ ಶುರುಮಾಡಿತು, 2021ರ ಜನವರಿಯಲ್ಲಿ ಭಾರತವೂ ಅದಕ್ಕೆ ಸಹಿ ಹಾಕಿದೆ. ವೃದ್ಧರ ಆರೈಕೆ, ಕೃಷಿ, ಹೋಟೆಲ್, ಕಟ್ಟಡ ಕೆಲಸ ಇಂಥವಕ್ಕೆ. ಎನ್4 ಮಟ್ಟದ ಭಾಷಾ ಪರೀಕ್ಷೆ, ಒಂದು ಕೌಶಲ ಪರೀಕ್ಷೆ, ಕನಿಷ್ಠ ಇವೆರಡೂ ಪಾಸಾಗಬೇಕು. ಎಂಟು ಹತ್ತು ತಿಂಗಳು ಕೂತು ಓದಿದರೆ ಆಗುವಂಥದು. ಇಟ್ಟಿರುವ ಹಣದಲ್ಲಿ ಸ್ವಲ್ಪ ಭಾಷೆ ಕಲಿಯಲು ಖರ್ಚು ಮಾಡಿ, ಉಳಿದದ್ದು ಬ್ಯಾಂಕಿನಲ್ಲೇ ಇರಲಿ.

ಪ್ರಶ್ನೆ: ಮಗಳು ಮುಂದಿನ ತಿಂಗಳು ಟೋಕಿಯೊಗೆ ಹೊರಟಿದ್ದಾಳೆ. ಏನೇನು ಕಟ್ಟಿ ಕಳಿಸಲಿ?

ಒಬ್ಬ ತಾಯಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಹಸಿ ಕರಿಬೇವು, ಹಣ್ಣು, ತರಕಾರಿ, ಅಕ್ಕಿ, ಹುರಿಯದ ಕಾಳು ಬೇಳೆ ಬೇಡಮ್ಮ. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಅಕ್ಕಿ ಬೇಳೆ ಅಲ್ಲೇ ಸಿಗುತ್ತದೆ. ಶೀತ ಕೆಮ್ಮಿನ ಮಾತ್ರೆ, ಸಿರಪ್ಪುಗಳನ್ನು ಡಾಕ್ಟರಿಗೆ ತೋರಿಸಿಯೇ ಹಾಕಿ. ಸೂಡೋಎಫೆಡ್ರಿನ್ 10%ಕ್ಕಿಂತ ಹೆಚ್ಚಿರುವ ಔಷಧಿಯನ್ನು ಒಳಗೆ ಬಿಡುವುದಿಲ್ಲ, ಕೊಡೀನ್ ಇರುವುದಕ್ಕೂ ಕಟ್ಟುನಿಟ್ಟು. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಒಂದು ತಿಂಗಳಿಗಾಗುವಷ್ಟು, ಚೀಟಿಯ ಸಮೇತ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸೆ ಪುಡಿ, ಹುಣಸೆ ಗೊಜ್ಜು ಕಟ್ಟಿ, ಮೇಲೆ ಏನು ಅಂತ ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಕೇಳಿದರೆ ಅಡಗಿಸದೆ ತೋರಿಸಲಿ. ಒಂದು ಹಳೆಯ ಸೀರೆ ಪೆಟ್ಟಿಗೆಯ ಮೇಲುಗಡೆಯೇ ಇರಲಿ. ಮೊದಲ ರಾತ್ರಿ ಕಿಟಕಿಗೆ ಪರದೆ ಇರುವುದಿಲ್ಲ, ನಿಮ್ಮ ಸೀರೆಯೇ ಆಗುತ್ತದೆ.